ತುಟಿಗೆ ಸರಿಯಾಗಿ

ಗೋರೆಗಾಂವ್ ಪೂರ್ವ, ಟೈರು ಗೋದಾಮಿನ ಕೆಳಗೆ
ನೆಲಮಾಳಿಗೆಯ ಡಬ್ಬಿಂಗ್ ಕೋಣೆ.
ಗೋಡೆಗೆಲ್ಲ ಕಪ್ಪು ಸ್ಪಂಜು. ಸದ್ದು ಮೈಕಿಗೆ ಬೀಳುತ್ತದೆಂದು
ಏಸಿ ಬಂದ್. ನಾವು ಬೆವರುತ್ತೇವೆ,
ಪರದೆಯ ಮೇಲೆ ಸರಕಾರ ಬೆವರುವುದಿಲ್ಲ.

ಎರಡು ಗಂಟೆ ಹತ್ತು ನಿಮಿಷದ ಸಿನಿಮಾ. ಯುದ್ಧದ್ದು.
ಒಂದು ಗುಂಡೂ ಹಾರುವುದಿಲ್ಲ.
ಒಂದು ಮೇಜು, ಒಂಬತ್ತು ಕುರ್ಚಿ, ಮಾತು, ಮಾತು,
ಮಾತಿನ ಮೇಲೆ ಕಾಲು ಹಾಕಿ ಕೂತ ಮಾತು.
ಕರ್ಕೇರ ಮಾಮ ಮೊದಲ ರೀಲಿಗೇ ಅಂದರು:
"ಇದು ತಾಳಮದ್ದಳೆಯೇ ಮಾರಾಯ್ತಿ,
ಪದ ಎತ್ತಿ ನಿಲ್ಲಿಸಲಿಕ್ಕೆ ಭಾಗವತರೊಬ್ಬರಿಲ್ಲ, ಅಷ್ಟೆ."

ಮಾಮನದು ರಕ್ಷಣಾ ಮಂತ್ರಿಯ ಗಂಟಲು.
ನಲವತ್ತು ವರ್ಷ ಫೋರ್ಟಿನ ಕ್ಯಾಂಟೀನಿನಲ್ಲಿ ಗಲ್ಲಾ,
ಶನಿವಾರ ರಾತ್ರಿ ಅರ್ಥಗಾರಿಕೆ,
ಈಗ ತಾಸಿಗೆ ಇಷ್ಟೆಂದು ಮಂತ್ರಿ.
ನಾನು ಮಾತು ಹೊಲಿಯುವವಳು.
ಬಾಯಿ ಹಿಂದಿಯದು, ಬಟ್ಟೆ ಕನ್ನಡದ್ದು;
ತುಟಿ ಮುಚ್ಚಿದಲ್ಲಿ ಪ, ಬ, ಮ,
ತೆರೆದಲ್ಲಿ ಏನೂ ನಡೆಯುತ್ತದೆ.
ಶಾಂತಿ ಅಂದರೂ ದಾಳಿ ಅಂದರೂ
ಬಾಯಿ ಒಂದೇ ಥರ ತೆರೆಯುತ್ತದೆ.
ಹದಿನಾಲ್ಕು ವರ್ಷದಲ್ಲಿ ನಾನು ಕಲಿತದ್ದು ಇಷ್ಟು.

ನಗೆ ಬರಬೇಕಾದಲ್ಲಿ ಭಾಷೆಯೇ ಕೈ ಹಿಡಿಯಿತು.
ಖಜಾನೆಯವನು ದುಡ್ಡು ಹೂಡುತ್ತಾನೆ,
ಸೇನಾಪತಿ ಯುದ್ಧ ಹೂಡುತ್ತಾನೆ,
ಒಂದೇ ಕ್ರಿಯಾಪದ, ಒಂದೇ ರಶೀದಿ.
ಮದ್ದು ಬೇಕೆಂದು ಆಸ್ಪತ್ರೆ ಬರೆದ ಕಾಗದಕ್ಕೆ ಉತ್ತರ:
ಮದ್ದು ಕಳಿಸಿದ್ದೇವೆ, ಲಾರಿ ತುಂಬ,
ಬೆಂಕಿಯ ಹತ್ತಿರ ಇಡಬೇಡಿ.
ಇಂಜಿನಿಯರ್ ಪಠಾರೆಗೆ ಕನ್ನಡ ಬಾರದು,
ಮಾಮ ನಕ್ಕದ್ದಕ್ಕೆ ಅವನೂ ನಕ್ಕ.

ಏಳನೇ ರೀಲು.
ಗಡಿಯಾಚೆ ಎಷ್ಟು ಹಳ್ಳಿ ಅಳಿಸಬೇಕೆಂಬ ಚರ್ಚೆ.
ಆಗಲೇ ಚಹಾ ತಂದ ಜವಾನ
(ಇಡೀ ಚಿತ್ರದಲ್ಲಿ ಅವನಿಗಿರುವುದು ಒಂದೇ ಮಾತು)
ಬಗ್ಗಿ ಕೇಳುತ್ತಾನೆ: "ಎಷ್ಟು, ಸಾಹೇಬ್ರೇ?"
ಸಕ್ಕರೆಯ ವಿಷಯ.
ಮಂತ್ರಿ ಬಿಸ್ಕತ್ತು ಅದ್ದುತ್ತ, "ಪಾಂಚ್."
ಕಾರ್ಯದರ್ಶಿ ಬರೆದುಕೊಳ್ಳುತ್ತಾನೆ.

ಪಾಂಚ್‌ಗೆ ತುಟಿ ಮುಚ್ಚುತ್ತದೆ. ಐದಕ್ಕೆ ಮುಚ್ಚುವುದಿಲ್ಲ.
ಐದು, ಐದು, ಮಾಮ ಹೇಳುತ್ತಾರೆ,
ಮಂತ್ರಿಯ ಬಾಯಿ ಬೇರೇನೋ ಹೇಳುತ್ತದೆ.
ಪೆನ್ಸಿಲಿನಿಂದ ಹೊಡೆದು ಬರೆದೆ: ಮೂರು.
ಮಕಾರ ಬಂದು ಕೂತಿತು, ಅಳತೆ ಕೊಟ್ಟ ರವಿಕೆಯ ಹಾಗೆ.
ಕನ್ನಡದಲ್ಲಿ ಎರಡು ಹಳ್ಳಿ ಉಳಿದವು.
ಒಂದು ತಾಸು ಉಳಿದವು.
ಒಂದಕ್ಕೊಂದು ಬಾವಿ ಕೊಟ್ಟಿದ್ದೆ ಮನಸ್ಸಿನಲ್ಲೇ,
ಇನ್ನೊಂದಕ್ಕೆ ಸೈಕಲ್ ರಿಪೇರಿಯವನು,
ಟ್ಯೂಬು ಬಕೆಟ್ಟಿನಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಿದ್ದ.

ಊಟದ ಮೇಲೆ ಕಂಪನಿಯ ಹುಡುಗಿ, ವಾಗಳೆ, ಬಂದಳು.
"ದೀದಿ, ಮುಂದಿನ ದೃಶ್ಯದ ನಕಾಶೆಯಲ್ಲಿ
ಗುಂಡುಪಿನ್ನು ಐದಿವೆ."
ನಿಲ್ಲಿಸಿ ಎಣಿಸಿದೆ. ಐದಿದ್ದವು.

ಐದೇ ಬೇಕು, ತುಟಿಯೂ ಮುಚ್ಚಬೇಕು.
ಅಗಿಯುವ ಬಾಯಿಯಲ್ಲಿ ಎರಡಕ್ಷರದ ಜಾಗ ಇತ್ತು.
ಕಾಗದ ದಾಟಿಸಿದೆ.
ಮಾಮ ಕನ್ನಡಕ ಏರಿಸಿ ಓದಿದರು,
ನನ್ನ ಮುಖ ನೋಡಿದರು. ಕೆಂಪು ದೀಪ ಹತ್ತಿತು.
"ಬರೀ ಐದು."
ಒಂದೇ ಟೇಕು. ಪಠಾರೆ ಗಾಜಿನಾಚೆ ಹೆಬ್ಬೆರಳೆತ್ತಿದ.

ಹಿಂದಿಯಲ್ಲಿ ಆ ಮನುಷ್ಯ ಅಷ್ಟು ಕೆಟ್ಟವನಲ್ಲ,
ಸಕ್ಕರೆಯ ಕಡೆ ಗಮನವಿದ್ದವನು.
'ಬರೀ' ನನ್ನದು.

ರಾತ್ರಿ ಒಂಬತ್ತೂವರೆಗೆ ಸ್ಟೇಷನ್ನಿನ ಸೇತುವೆ.
ಮಾಮ ರೇಲಿಂಗ್ ಹಿಡಿದು ಗಂಟಲು ಸರಿಮಾಡಿಕೊಂಡರು.
"ಜನ ಅಲ್ಲಿಗೆ ಬಿದ್ದು ಬಿದ್ದು ನಗ್ತಾರೆ, ನೋಡು ಬೇಕಾದ್ರೆ."
ಕೆಳಗೆ ವಿರಾರ್ ಲೋಕಲ್ ನುಗ್ಗಿತು.
ಹ್ಮ್, ಅಂದೆ.
ಅದಕ್ಕೆ ಬಾಯಿ ತೆರೆಯಬೇಕಾಗಿಲ್ಲ.