ಏಳನೇ ಕಂಬ

ಪುಣೆ ಮಾರ್ಕೆಟ್ ಯಾರ್ಡಿನ ನಾಕನೇ ಗೇಟಿಗೆ
ಗ್ವಾಡಿಗೆ ಒರಗಿ ನಿಂತೈತಿ ನನ್ನ ಟಪರಿ.
ಮೊಳೀಗೆ ಕಟ್ಟಿದ ಕತ್ತದ ಹಗ್ಗ
ಮುಂಜಾನಿ ನಾಕಕ್ಕ ಹಚ್ಚಿದ್ರ ರಾತ್ರಿ ತನಕ
ತುದಿಯಾಗಷ್ಟ ಕೆಂಪಗ ಉರೀತಿರತೈತಿ.
ಕಡ್ಡಿಪೆಟ್ಟಿಗಿ ಖರ್ಚಿಲ್ಲ. ಅದೊಂದಕ್ಕ ಟ್ಯಾಕ್ಸಿಲ್ಲ.

ಡಿಲ್ಲಿಯಾಗ ಯಾರೋ ಎದ್ದು ನಿಂತು ಓದಿದ್ರು.
ಇಲ್ಲಿ ನಾ ರಟ್ಟಿನ ಮ್ಯಾಲ ಹತ್ತು ಅಳಿಸಿ
ಹದಿನಾಕು ಬರದೆ, ಸೀಮಿಸುಣ್ಣದಾಗ.
ಎಲ್ಲಾರೂ ನನ್ನ ಬೈದ್ರು.
ಡಿಲ್ಲಿ ದೂರ, ನಾ ಹತ್ರ.

ಗೇನಬಾ ಬೈಲಿಲ್ಲ.
ಬೆನ್ನಿಗೆ ಉಳ್ಳಾಗಡ್ಡಿ ಸಿಪ್ಪಿ ಅಂಟಿಸಿಕೊಂಡ ಬಂದು ಕೇಳಿದ:
"ಲಗಮಾಬಾಯಿ, ಈ ಹದಿನಾಕರಾಗ
ನಂದೆಷ್ಟು, ನಿಂದೆಷ್ಟು, ಅವರದೆಷ್ಟು?"
"ನಂದು ಎಂಟಾಣೆ. ನಿಂದು ಕೆಮ್ಮು.
ಉಳಿದದ್ದರಾಗ ಅರ್ಧಕ್ಕಿಂತ ಹೆಚ್ಚು ಅವರದು."

ಅವತ್ತು ಟ್ರಕ್ಕು ತಡ, ಹೊರಾಕ ಏನೂ ಇರಲಿಲ್ಲ.
ಉದ್ರಿ ಬುಕ್ಕಿನ ಹಿಂದಿನ ಹಾಳಿ ಹರದು ಕುಂತ್ವಿ.
ಮಾತು ಅವನ ಮರಾಠಿಯಾಗ,
ಮಗ್ಗಿ ನನ್ನ ಇಂಡಿ ಸಾಲಿ ಕನ್ನಡದಾಗ.
ದಿನಕ್ಕ ಆರು.
ಅಗ್ಗದ ಕಾಲಾನೂ ಹಿಡದು ಒಂದಕ್ಕ ಮೂರ ರೂಪಾಯಿ.
ವರ್ಷ ಹತ್ತೊಂಬತ್ತು.
ಒಂದು ಲಕ್ಷ ಇಪ್ಪತ್ನಾಕು ಸಾವಿರದ ಎಂಟನೂರಾ ಮೂವತ್ತು.

ಕಾಂಟಾದ ಮುಳ್ಳು ನೋಡಿದಂಗ ನೋಡಿದ.
"ಇಷ್ಟು ನಾ ಹೊತ್ತೀನೇನು?"

ಮರುದಿನದಿಂದ ಹುಡುಕಾಕ ಹತ್ತಿದ
ತನ್ನ ರೊಕ್ಕ ಎಲ್ಲಿ ನಿಂತೈತಿ ಅಂತ.
ಗೇಟಿನ ಲೈಟಿನ ಕಂಬ? ಸಣ್ಣದಾತು.
ಸಸೂನ್ ದವಾಖಾನಿಯಾಗ ಒಂದು ಕಾಟ?
ರಜಾ ಹಾಕಿ ಹೋಗಿ ನೋಡಿ ಬಂದ.
ಕಾಟಿನ ಮ್ಯಾಲ ಇಬ್ಬರು, ಕೆಳಗ ಚಾಪಿ ಮ್ಯಾಲ ಒಬ್ಬಂವ.
"ನನ್ನ ರೊಕ್ಕ ಅಲ್ಲಿಗೆ ಮುಟ್ಟಿದ್ರ
ಅಂವ ಯಾಕ ಕೆಳಗ ಮಲಗತಿದ್ದ?"

ಕಡೀಕ ಸ್ವಾರಗೇಟ್ ಕಡೆ ಏಳಾಕತ್ತಿದ್ದ ಫ್ಲೈಓವರಿನ
ಏಳನೇ ಕಂಬ ಆರಿಸಿಕೊಂಡ.
"ಇದು ನಂದು. ಸೊಂಟದ ಮಟ ಬಂದೈತಿ."
ಹಾದು ಹೋಗುವಾಗೆಲ್ಲ ಅಂಗೈಲೆ ತಟ್ಟತಿದ್ದ,
ಎತ್ತಿನ ಹೆಗಲು ತಟ್ಟಿದಂಗ.

ಪೋಪಟಶೇಠರ ಗಾಡಿ ನಿಲ್ಲತೈತಿ.
ಗ್ಲಾಸು ನಾಕು ಬಟ್ಟು ಇಳೀತೈತಿ,
ಪಾಕೀಟು ಒಳಗ ಹೋಗತೈತಿ.
ದರ ಕೇಳಂಗಿಲ್ಲ, ಚಿಲ್ಲರ ಮುಟ್ಟಂಗಿಲ್ಲ.
ಅವರಿಗೂ ಹದಿನಾಕು, ಗೇನಬಾಗೂ ಹದಿನಾಕು.
ಒಂದ ಕಾಂಟಾ, ಒಂದ ಕಲ್ಲು.
ನ್ಯಾಯ ಅಂತಾರ ಇದಕ್ಕ.
ಹವಾಲ್ದಾರ ಬಂದು "ಬಿಡಿ ಮಾರೂದು ಗುನ್ಹಾ" ಅಂತಾನ,
ಎರಡು ಬಿಡಿ ಒಯ್ತಾನ.
ಅವಗ ದರಾನೂ ಇಲ್ಲ.

ಆದ್ರೂ ಖರೇ ಹೇಳತೀನಿ.
ಹೆಂಡತಿ ಅತ್ತಾಗ ಬಿಡಲಿಲ್ಲ, ಡಾಕ್ಟರ್ ಬೈದಾಗ ಬಿಡಲಿಲ್ಲ.
ಪಾಕೀಟಿನ ಮ್ಯಾಲಿನ ಕೊಳೆತ ಬಾಯಿ
ಬಿಡಿ ಒಯ್ಯಾವ್ರಿಗೆ ಕಾಣಂಗನ ಇಲ್ಲ,
ಅದನ್ನ ದಿನಾ ನೋಡಾಕಿ ನಾನು.
ಆ ನಾಕ ರೂಪಾಯಿ ಮಾತ್ರ ಅವನ ಕೈ ಹಿಡೀತು.
ಆರು ಹೋಗಿ ಮೂರಾತು.
ಮೂರು ಹೋಗಿ ಒಂದಾತು,
ಅದೂ ಬಾಳೂನ ಕೂಡ ಅರ್ಧ ಅರ್ಧ,
ಒಬ್ಬಂವ ಸೇದುವಾಗ ಇನ್ನೊಬ್ಬಂವ ಬೂದಿ ನೋಡತಾ.

ನಿನ್ನೆ ಹದಿನಾಕು ರೂಪಾಯಿ ಹಲಗಿ ಮ್ಯಾಲ ಇಟ್ಟ.
ಬಾಳ ಹೊತ್ತು ನೋಡಿದ.
ನಾಕು ತಗೊಂಡು ಕಿಸೇದಾಗ ಹಾಕಿ
"ಶೇಂಗಾ ಕೊಡು" ಅಂದ.
ಸಿಪ್ಪಿ ಉಗುಳತಾ ಕೇಳಿದ:
"ನನ್ನ ಕಂಬ ಇನ್ನ ಯಾರು ಏರಸತಾರ?"
"ಪೋಪಟಶೇಠ."
ಇಬ್ಬರೂ ನಕ್ಕಿವಿ. ಅವನ ನಗಿ ನಡುವ
ಹಳೇ ಕೆಮ್ಮು ಬಂತು, ಬಾಕಿ ಕೇಳಾಕ ಬಂದಂಗ.

ಮಧ್ಯಾನ ಗಿರಾಕಿ ಇಲ್ಲ.
ಹಂಚಿನ ಮ್ಯಾಲ ಹುರದ ತಂಬಾಕ, ನನ್ನ ಮಿಸರಿ,
ಹಲ್ಲಿಗೆ ತಿಕ್ಕೂ ಪುಡಿ, ಅದರ ದರಾನೂ ಏರೈತಿ.
ಊರ ಮಂದಿ ಲೆಕ್ಕ ಹಾಕಿಕೊಟ್ಟಾಕಿ
ನಂದೊಂದು ಹಾಕಿಲ್ಲ.
ಹಾಳಿ ಐತಿ, ಸೀಮಿಸುಣ್ಣ ಐತಿ,
ಮಗ್ಗಿ ಬರತಾವ.
ಬಟ್ಟು ಡಬ್ಬಿಯೊಳಗ ಐತಿ.
ಹಗ್ಗ ಇನ್ನೊಂದು ಗೇಣು ಉಳದೈತಿ.