ಉಳಿದ ಎರಡು ಪಾಳಿ

ನಾನು ದರ್ಜಿ. ಅಳತೆ ನನಗೆ ಗೊತ್ತು.
ಬೆಳಿಗ್ಗೆ ಎದ್ದೊಡನೆ ಕಣಕಾಲಿಗೆ ಟೇಪು ಸುತ್ತುತ್ತೇನೆ:
ಒಂಬತ್ತೂವರೆ ಇಂಚಾದರೆ ಹೊಲಿಯಲು ಕೂರಬಹುದು,
ಹತ್ತು ದಾಟಿದರೆ ಚಪ್ಪಲಿಯೂ ನನ್ನದಲ್ಲ.
ನೀರು ದಿನಕ್ಕೆ ಅರ್ಧ ಬಾಟಲಿ, ಮುಚ್ಚಳದಲ್ಲಿ ಅಳೆದು.
ಇಬಾದಾನಿನ ಮಾರ್ಚ್ ಬಿಸಿಲಿಗೆ
ತುಕ್ಕು ಹಿಡಿದ ತಗಡಿನ ಮಾಡು ಚಟಚಟ ಎನ್ನುವಾಗ
ತಣ್ಣೀರಿನ ಪೊಟ್ಟಣ ಮಾರುವ ಹುಡುಗಿ ಬೀದಿಯಲ್ಲಿ ಕೂಗುತ್ತಾಳೆ.
ನಾನು ರೇಡಿಯೊ ಜೋರು ಮಾಡುತ್ತೇನೆ.

ಮೊದಲು ಒಂದು ಪಾಳಿಗೆ ಹದಿನೆಂಟು ಶಾಲಾ ಸಮವಸ್ತ್ರ,
ಗುಂಡಿ, ಕಾಜ, ಜೇಬು ಸೇರಿ.
ಡೀಸೆಲ್ ಏರಿದೆಯೆಂದು ಕೌಂಟರಿನ ಗಾಜಿಗೆ ಚೀಟಿ ಅಂಟಿಸಿದರು;
ಇಪ್ಪತ್ತನಾಲ್ಕಾಯಿತು.
ವಾರಕ್ಕೆ ಮೂರು ಸಲ ಎಂದಿದ್ದರು ಡಾಕ್ಟರು.
ನನ್ನ ಕೈ ವಾರಕ್ಕೆ ಹೊಲಿಯುವುದೇ ಮೂವತ್ತು,
ಅದರಲ್ಲೇ ಬಾಡಿಗೆ, ಅದರಲ್ಲೇ ಮಗನ ಫೀಸು, ಗೆಣಸಿನ ಹಿಟ್ಟು.
ಹಾಗಾಗಿ ರಕ್ತ ಕಾಯುತ್ತದೆ
ಒಂಬತ್ತು ದಿನ, ಒಮ್ಮೊಮ್ಮೆ ಹನ್ನೊಂದು.
ಬಾಯಲ್ಲಿ ಹಳೆಯ ನಾಣ್ಯದ ರುಚಿ.

ಅಗ್ಗದ ಜಾಗವೂ ಒಂದಿತ್ತು, ಬಸ್ ನಿಲ್ದಾಣದ ಹಿಂದೆ.
ಅಲ್ಲಿ ನಾಲ್ಕು ಗಂಟೆಯೆಂದರೆ ಎರಡೂಮುಕ್ಕಾಲು.
ತೊಳೆದು ತಂದ ಫಿಲ್ಟರು ಯಾರದೆಂದು ಕೇಳಿದೆ.
ನಿಮ್ಮದೇ ಎಂದರು.
ಲೇಬಲ್ಲಿನ ಮೇಲೆ ಇನ್ನಾರದೋ ಹೆಸರು ಅರ್ಧ ಅಳಿಸಿತ್ತು.
ಆ ರಾತ್ರಿ ಚಳಿಜ್ವರ, ಹಲ್ಲು ಯಂತ್ರದ ಸೂಜಿಯಂತೆ ಕಟಕಟ.
ಉಳಿಸಿದ್ದು ಆರು ಸಮವಸ್ತ್ರ,
ದೊಡ್ಡಾಸ್ಪತ್ರೆಗೆ ತೆತ್ತದ್ದು ನೂರ ಹತ್ತು.
ಅಗ್ಗದ ಬಟ್ಟೆ ಒಂದೇ ಒಗೆತಕ್ಕೆ ಬಣ್ಣ ಬಿಡುತ್ತದೆ ಎಂದು
ಗಿರಾಕಿಗಳಿಗೆ ಹೇಳುವವಳು ನಾನೇ.

ಮರಳಿ ಬೋಲಾಟಿಟೊ ಸಿಸ್ಟರ ಕೈಗೇ ತೋಳು ಚಾಚಿದೆ.
ಮಬ್ಬಿನಲ್ಲಿ ಸೂಜಿಗೆ ದಾರ ಪೋಣಿಸಿದಂತೆ
ಒಂದೇ ಚುಚ್ಚಿಗೆ ನಾಳ ಹುಡುಕುತ್ತಾಳೆ.
ಕರೆಂಟು ಹೋದರೆ, ಜನರೇಟರು ಕೆಮ್ಮಿ ಎದ್ದೇಳುವ ತನಕ
ಪಂಪಿನ ಹಿಡಿ ತಾನೇ ತಿರುಗಿಸುತ್ತಾಳೆ,
ಅವಸರವಿಲ್ಲ, ಎಣಿಸುತ್ತ,
ನಾನು ಕೈಮಿಶಿನ್ನಿನ ಚಕ್ರ ತಿರುಗಿಸುವ ಹಾಗೆ.
ಮೂರು ತಿಂಗಳಿಂದ ಅವಳಿಗೆ ಸಂಬಳವಿಲ್ಲವಂತೆ.
ಆ ಕೈಗೆ ಇನ್ನೂ ಸುದ್ದಿ ಮುಟ್ಟಿಲ್ಲ.

ಎಡಗಡೆಯ ಕುರ್ಚಿಯಲ್ಲಿ ಅಲಾಬಿ ಮೇಷ್ಟ್ರು,
ಭೂಗೋಳ ಕಲಿಸಿ ನಿವೃತ್ತರಾದವರು.
ಕೆಂಪು ಕೊಳವೆ ನೋಡದಿರಲೆಂದು ನನಗೆ ನದಿಗಳ ಹೆಸರು ಹೇಳುವರು:
ಬೆನ್ಯೂ, ಓಗುನ್, ಕಡೂನಾ,
ಎಲ್ಲಿ ಹುಟ್ಟಿ ಯಾವುದನ್ನು ಕೂಡುತ್ತದೆ.
ಕೂಡದೆ ಮರಳಿನಲ್ಲಿ ಇಂಗುವ ನದಿಗಳೂ ಇವೆಯಮ್ಮಾ, ಎಂದರೊಮ್ಮೆ,
ಅಷ್ಟರಲ್ಲಿ ನಿದ್ದೆ ಹೋದರು.

ಒಂದು ಮಂಗಳವಾರ ಕುರ್ಚಿ ಖಾಲಿ.
ಇಲ್ಲಿ ಖಾಲಿ ಕುರ್ಚಿಗೆ ಎರಡೇ ಅರ್ಥ,
ಯಾವುದೆಂದು ನಾವು ಕೇಳುವುದಿಲ್ಲ.

ಗುರುವಾರ ಅವರ ಹೆಂಡತಿ ಕೌಂಟರಿಗೆ ಬಂದಳು.
ಮುಂಗಡ ಕಟ್ಟಿದ ಎರಡು ಪಾಳಿ ಉಳಿದಿತ್ತು.
ಹಣ ವಾಪಸ್ಸಿಲ್ಲ ಎಂದ ಗುಮಾಸ್ತ, ತಲೆಯೆತ್ತದೆ.
'ಹಣ ಕೇಳಲಿಲ್ಲ. ಆ ದರ್ಜಿ ಹೆಂಗಸಿದ್ದಾಳಲ್ಲ,
ನದಿಗಳ ಕತೆ ಕೇಳುತ್ತಿದ್ದಳಂತೆ,
ಅವಳ ಹೆಸರಿಗೆ ಬರೆಯಿರಿ.'
ಹೆಸರು ಬದಲಿಸಲು ಶುಲ್ಕವಿದೆ ಎಂದ.
ಸೆರಗಿನಂಚಿನ ಗಂಟು ಬಿಚ್ಚಿ
ಅದನ್ನೂ ಕಟ್ಟಿದಳು.

ಒಂದು ಪಾಳಿ ಇವತ್ತು ಮುಗಿಯಿತು.
ನಡುವೆ ಕರೆಂಟು ಹೋಯಿತು. ಬೋಲಾಟಿಟೊ ಹಿಡಿ ತಿರುಗಿಸಿದಳು.
ಕತ್ತಲಲ್ಲಿ ನದಿಗಳನ್ನು ನೆನೆಯಲು ನೋಡಿದೆ:
ಬೆನ್ಯೂ, ಕಡೂನಾ... ನಡುವಿನದು ಬರಲಿಲ್ಲ.

ಆಕೆಗೆಂದು ನೀಲಿ ಬಟ್ಟೆ ತಂದಿದ್ದೇನೆ, ಬೂಬಾ ಹೊಲಿಯಲು.
ಅಳತೆ ಕೇಳಲು ಬಾಯಿ ಬರಲಿಲ್ಲ.
ಕೌಂಟರಿನ ಮುಂದೆ ನಿಂತಿದ್ದ ಭುಜ ನೆನೆದು
ಕಣ್ಣಳತೆಯಲ್ಲೇ ಕತ್ತರಿ ಹಾಕಿದೆ.
ತೋಳು ಒಂದಿಷ್ಟು ಉದ್ದ ಬಂದಿದೆ.
ಇರಲಿ, ಮಡಚಿಕೊಳ್ಳಲಿ.