ಐಸ್ ಪ್ಲಾಂಟಿಗೆ ಮೂಡುಬಾಗಿಲು

ಶಿರಿಯದ ಅಳಿವೆಯ ಹತ್ತಿರ
ಕಿಟಕಿಯೇ ಇಲ್ಲದ ಕಟ್ಟಡ.
ಗೋಡೆಯೊಳಗೊಂದು ಗೋಡೆ,
ನಡುವೆ ಗೇಣು ದಪ್ಪ ಉಮಿ.
ಬಿಸಿಲಿಗೆ, ಗಾಳಿಗೆ, ನೆರೆಮನೆಯ ಮಾತಿಗೆ
ಬೆನ್ನು ಹಾಕಿ ಕೂತದ್ದು.
ತಪ್ಪೇನಲ್ಲ, ಐಸು ಕಾಯುವವರು
ಹಾಗೇ ಕೂರಬೇಕು.

ಮೆಷಿನು ನಿಂತು ಹದಿಮೂರು ಮಳೆಗಾಲ.
ವಾಚನಾಲಯ ಮಾಡಿ, ಊರಿಗೆ ಹೊಂದುವ ಹಾಗೆ,
ಎಂದಿತು ಪಂಚಾಯತು.
ಓವರ್‌ಸಿಯರ್ ನಾನು, ಟೇಪು ಹಿಡಿದು ಬಂದೆ.

ಪಡುಗೋಡೆ ಒಡೆದ ದಿನ
ಉಮಿ ಸುರಿಯಿತು, ಸುರಿಯುತ್ತಲೇ ಇತ್ತು
ಮೊಣಕಾಲು ಮುಳುಗುವವರೆಗೆ.
ಯಾವ ಗದ್ದೆಯ ಯಾವ ಕೊಯ್ಲಿನದೋ,
ಅಲ್ಲೀಗ ಪೆಟ್ರೋಲ್ ಬಂಕು ಇರಬಹುದು.
ಅಂದುಂಞಿ ಮೇಸ್ತ್ರಿ ಒಂದು ಹಿಡಿ ಎತ್ತಿ ಮೂಸಿ
'ಗ್ಯಾಸಲ್ಲ, ಭತ್ತವೇ' ಎಂದ.
ಹುಡುಗನಾಗಿದ್ದಾಗ ಇಲ್ಲೇ ಐಸಿನ ಗಟ್ಟಿ ಎಳೆದವನು,
ಬಲಗೈಯ ಎರಡು ಬೆರಳು
ಇನ್ನೂ ಬಿಸಿ ಚಹಾಕ್ಕೆ ಹೆದರುವುದಿಲ್ಲ.

ನನ್ನ ನಕ್ಷೆಯಲ್ಲಿ ಆ ತೂತಿಗೆ
ಕಡಲಕಿಟಕಿ ಎಂದು ಹೆಸರು.
ಹನ್ನೆರಡು ಅಡಿ ಅಗಲ, ನೆಲದಿಂದ ಸೂರಿಗೆ.
ಓದುತ್ತ ತಲೆ ಎತ್ತಿದರೆ ತೆರೆ!
ನಾಲ್ಕು ರಾತ್ರಿ ಕೂತು ಬಿಡಿಸಿದ್ದೆ.

ಬಂಗುಡೆ ಬುಟ್ಟಿ ಹೊತ್ತ ವಾರಿಜಕ್ಕ
ನಿಂತು ನೋಡಿದಳು. ಬುಟ್ಟಿ ಇಳಿಸಲಿಲ್ಲ.
'ಕಡಲನ್ನು ನಮಗೇ ತೋರಿಸುವುದಾ ಮಗಳೇ?
ಆಚೆ ವರ್ಷ ನನ್ನ ಅಡುಗೆಕೋಣೆ ಕೊಂಡುಹೋದದ್ದು ಅದೇ.
ಮೂಡಕ್ಕೊಂದು ಬಾಗಿಲಿಡು, ಬಸ್ಸು ಕಾಣಬೇಕು.
ಮತ್ತೆ ಇದು, ಇದನ್ನು ಇಳಿಸಲಿಕ್ಕೆ
ಇನ್ನೊಬ್ಬಳು ಬೇಕು ನನಗೆ.
ಈ ಹೊತ್ತಿನಲ್ಲಿ ಯಾರಿದ್ದಾರೆ?'

ಎಷ್ಟು ಕಿಲೋ, ಕೇಳಿದೆ.
'ಇವತ್ತು ಕಡಿಮೆ.'

ಟೇಪು ಬಿಚ್ಚಿದೆ. ಅಂಗಾಲಿನಿಂದ ಹಣೆಗೆ
ನಾಲ್ಕಡಿ ಏಳಿಂಚು.
ಹಿಂದೆ ಬಂದ ಯಮುನೆ ಐದಡಿ ಎರಡು.
ಸರಾಸರಿ ಹಾಕುತ್ತ ಕೂತಿದ್ದೆ,
ಮೇಸ್ತ್ರಿ ನಕ್ಕ: 'ಸರಾಸರಿ ಎತ್ತರದವಳು
ಯಾವ ಮನೆಯವಳು? ಎರಡು ಕಲ್ಲಿಡುವ.'

ಒಡೆದ ಗೋಡೆಯ ಕೆಂಪುಕಲ್ಲೇ
ಮೂಡು ಜಗಲಿಗೆ ಹೋಯಿತು.
ಕಡಲಕಿಟಕಿ ಮೊಳದಗಲ ಉಳಿಯಿತು,
ಗಾಳಿಗೆ ಸಾಕು.
ಉಮಿಯನ್ನು ಇಟ್ಟಿಗೆಗೂಡಿನವರು ಒಯ್ದರು.
ಹೊರೆ ಇಳಿಸುವ ಕಲ್ಲೆರಡಕ್ಕೆ
ಎಸ್ಟಿಮೇಟಿನಲ್ಲಿ ಕಾಲಂ ಇರಲಿಲ್ಲ,
'ಇತರೆ' ಎಂದು ಬರೆದೆ.

ಬೆಳಗ್ಗೆ ಏಳೂವರೆಗೆ ಹೋದರೆ
ತಗ್ಗಿನ ಕಲ್ಲಿನ ಮೇಲೆ ಬುಟ್ಟಿ,
ಐಸಿನ ನೀರು ಹನಿಹನಿಯಾಗಿ ಗೋಡೆಯ ಬುಡಕ್ಕೆ.
ಒಳಗೆ ವಾರಿಜಕ್ಕ, ಪೇಪರಿನ ಮರಣವಾರ್ತೆಯ ಪುಟ,
ಅಕ್ಷರದಿಂದ ಅಕ್ಷರಕ್ಕೆ ಬೆರಳು.
ಬಸ್ಸು ಕಂಡರೆ ಅಂದುಂಞಿ ಕೂಗುತ್ತಾನೆ.
ಆಟಿ ತಿಂಗಳಲ್ಲಿ ಬಡಗುಗೋಡೆ
ಹಳೆಯ ಅಭ್ಯಾಸಕ್ಕೆ ಬೆವರುತ್ತದೆ.

ಪುಟಗಳಿಗೆ ಮೀನಿನ ವಾಸನೆ ಎಂದು
ಗ್ರಂಥಪಾಲಕ ದೂರು ಬರೆದಿದ್ದಾನೆ,
ಮೂರು ಪ್ರತಿಗಳಲ್ಲಿ.
ಅದನ್ನೂ ಇತರೆಗೆ ಸೇರಿಸಿದ್ದೇನೆ.